ಬಂದವರಿಗೆ ಬಾಗಿಲು ಕಾಣಬೇಕು

(ವಿಶಾಖಪಟ್ಟಣ ಹಾಗೂ ವಿಜಯವಾಡದ ನಮ್ಮ ಎರಡು ಉಚಿತ ವಾಚನಾಲಯಗಳಲ್ಲಿ, ಸಂಘದ ಜಾಲತಾಣವನ್ನು ಕುರಿತು ಸದಸ್ಯರ ಮುಂದೆ ಮಾಡಿದ ಭಾಷಣ. ಪಾಳಿಯ ಕೆಲಸದಿಂದಾಗಿ ಸಭೆಗೆ ಬರಲಾಗದವರ ಸಲುವಾಗಿ ಇಲ್ಲಿ ಅಚ್ಚುಮಾಡಿದೆ.)



ಭಾಷಣ ಮಾಡುವುದು ನಮ್ಮ ಕಸುಬಲ್ಲ. ಹಗಲೆಲ್ಲ ಮಿಲ್ಲಿನಲ್ಲಿ ಹಾಜರಿ ಪುಸ್ತಕ, ಗೇಟ್ ಪಾಸು, ಚಲನ್ನುಗಳ ನಡುವೆ ಕುಳಿತಿದ್ದು, ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವ ಕೆಲಸ ನಮ್ಮದು. ಓದಿದ್ದು ಮೆಟ್ರಿಕ್ಕಿನವರೆಗೆ ಮಾತ್ರ. ಆದರೂ ಈ ದಿನ ಎದ್ದು ನಿಂತಿರುವುದಕ್ಕೆ ಕಾರಣವುಂಟು. ಸಂಘದ ಜಾಲತಾಣವನ್ನು ಹೊಸದಾಗಿ ಕಟ್ಟಿಸಬೇಕೆಂಬ ಸೂಚನೆ ಕಾರ್ಯಕಾರಿ ಸಮಿತಿಯ ಮುಂದಿದೆ. ಅದಕ್ಕೆ ಎರಡು ನಕ್ಷೆಗಳು ಬಂದಿವೆ. ಒಂದರಲ್ಲಿ ತೆರೆದೊಡನೆ ಚಲಿಸುವ ಚಿತ್ರಗಳು, ನಾದಸ್ವರ, ಹಾರಿ ಬರುವ ಅಕ್ಷರಗಳು, ಪದಾಧಿಕಾರಿಗಳ ಭಾವಚಿತ್ರಗಳು ಎಲ್ಲವೂ ಇವೆ. ಇನ್ನೊಂದು ಬಿಳಿಯ ಹಾಳೆಯ ಮೇಲೆ ಕಪ್ಪಕ್ಷರಗಳಲ್ಲಿ ಬರೆದ ನಾಲ್ಕು ಪುಟಗಳ ತಾಣ. ಮೊದಲನೆಯದಕ್ಕೆ ತಗಲುವ ವೆಚ್ಚ ನಮ್ಮ ಎರಡು ವಾಚನಾಲಯಗಳ ಎರಡು ವರ್ಷದ ಪತ್ರಿಕಾ ಚಂದಾಕ್ಕೆ ಸಮ. ಯಾವುದನ್ನು ಆರಿಸಬೇಕೆಂಬುದು ಬರುವ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಾಗಲಿದೆ. ಅದಕ್ಕೆ ಮುಂಚೆ ನಮ್ಮ ಅನುಭವವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದು ನಮ್ಮ ಕರ್ತವ್ಯ. ಏಕೆಂದರೆ ಈಗಿರುವ ತಾಣವನ್ನು ಮಾಡಿಸಿದವರು ನಾವೇ, ಅದರಿಂದ ಆದ ತೊಂದರೆಗೆ ಹೊಣೆಗಾರರೂ ನಾವೇ.

ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ.

ಎರಡು ವರ್ಷಗಳ ಕೆಳಗೆ ರಾಯಚೂರು ಜಿಲ್ಲೆಯ ಹುಡುಗನೊಬ್ಬ ವಿಜಯವಾಡದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಕೆಲಸವಿದೆಯೆಂದು ಕೇಳಿ ಹೊರಟು ಬಂದ. ಕೃಷ್ಣೆಯ ನೀರು ನಮ್ಮ ಕಡೆಯಿಂದ ಇಲ್ಲಿಗೆ ಹರಿದು ಬರುವಂತೆ ಜನರೂ ಬರುತ್ತಲೇ ಇರುತ್ತಾರೆ. ರೈಲು ತಡವಾಯಿತು. ಸ್ಟೇಷನ್ನಿನಲ್ಲಿ ಇಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ಬರಹೇಳಿದವನ ಫೋನು ಸ್ವಿಚ್ ಆಫ್. ಊರಿನಲ್ಲಿ ಯಾರೋ, ವಿಜಯವಾಡದಲ್ಲಿ ಕನ್ನಡ ಸಂಘವಿದೆ, ಹೊಸಬರಿಗೆ ಒಂದೆರಡು ರಾತ್ರಿ ಇಳಿದುಕೊಳ್ಳಲು ಜಾಗ ಕೊಡುತ್ತಾರೆ ಎಂದು ಹೇಳಿ ಕಳಿಸಿದ್ದರಂತೆ. ಅದು ನಿಜವೇ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಅದಕ್ಕೆಂದೇ ಎರಡು ಮಂಚಗಳುಂಟು, ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತೆಗೆಯುವವರೂ ಉಂಟು.

ಹುಡುಗ ಪ್ಲಾಟ್‌ಫಾರಮ್ಮಿನ ಮೇಲೆ ಕುಳಿತು ಫೋನಿನಲ್ಲಿ ನಮ್ಮ ತಾಣವನ್ನು ತೆರೆದ. ಚಾರ್ಜು ಉಳಿದಿದ್ದದ್ದು ಅಲ್ಪಸ್ವಲ್ಪ. ಮೊದಲು ಭುವನೇಶ್ವರಿಯ ಚಿತ್ರ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಮೂಡಿತು. ಆಮೇಲೆ ಸಂಗೀತ. ಆಮೇಲೆ ಅಧ್ಯಕ್ಷರ ಸಂದೇಶ, ಅದರ ಕೆಳಗೆ ಒಂದರ ಹಿಂದೊಂದು ಸರಿಯುವ ರಾಜ್ಯೋತ್ಸವದ ಚಿತ್ರಗಳು. ನಮ್ಮ ವಿಳಾಸವಾಗಲಿ ಫೋನು ನಂಬರಾಗಲಿ ಆ ಪುಟದಲ್ಲಿ ಇರಲಿಲ್ಲ. ಅವು ‘ನಮ್ಮ ಹೆಜ್ಜೆಗುರುತು’ ಎಂಬ ಬೇರೊಂದು ಪುಟದ ಅಡಿಯಲ್ಲಿ, ಆಹ್ವಾನ ಪತ್ರಿಕೆಯೊಂದರ ಚಿತ್ರದೊಳಗೆ ಇದ್ದವು. ಹೆಜ್ಜೆಗುರುತಿನೊಳಗೆ ವಿಳಾಸವಿರುತ್ತದೆಂದು ಯಾರಿಗೆ ಹೊಳೆಯಬೇಕು? ಹುಡುಕುತ್ತಿದ್ದಂತೆಯೇ ಫೋನು ಆರಿಹೋಯಿತು. ಆ ರಾತ್ರಿ ಅವನು ಪ್ಲಾಟ್‌ಫಾರಮ್ಮಿನ ಮೇಲೆ ಮಲಗಿದ. ಬೆಳಗ್ಗೆ ಎದ್ದಾಗ ತಲೆಗಿಟ್ಟುಕೊಂಡಿದ್ದ ಚೀಲವಿರಲಿಲ್ಲ. ಅದರಲ್ಲಿ ಬಟ್ಟೆಯ ಜೊತೆಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೂ ಐ.ಟಿ.ಐ. ಸರ್ಟಿಫಿಕೇಟೂ ಇದ್ದವು.

ವಾರ ಕಳೆದ ಮೇಲೆ ಟಿಫಿನ್ ಹೋಟೆಲಿನಲ್ಲಿ ನಾವು ಕನ್ನಡ ಮಾತನಾಡುವುದನ್ನು ಕೇಳಿ ಅವನೇ ಬಂದು ಮಾತನಾಡಿಸಿದ. ಎಲ್ಲವನ್ನೂ ಹೇಳಿದ, ದೂರು ಮಾತ್ರ ಹೇಳಲಿಲ್ಲ. “ನಿಮ್ಮ ವೆಬ್‌ಸೈಟ್ ಛಲೋ ಐತ್ರಿ ಸರ. ದೇವಿ ಫೋಟೋ ಕಾಣ್ತು. ಮುಂದ ಏನೂ ಬರ್ಲಿಲ್ರಿ” ಎಂದ. ಅವನು ತಂಗಬೇಕಾಗಿದ್ದ ಮಂಚ ಆ ರಾತ್ರಿ ಖಾಲಿ ಬಿದ್ದಿತ್ತು. ಅಂಕಪಟ್ಟಿಯ ನಕಲು ಪಡೆಯಲು ಅವನು ಊರಿಗೆ ಹೋಗಿಬರುವಷ್ಟರಲ್ಲಿ ಹನ್ನೆರಡು ದಿನದ ಕೂಲಿ ಹೋಯಿತು. ಆ ಕೂಲಿಯನ್ನು ನಾವು ಕೆಲವರು ಸೇರಿ ಕೊಡಹೋದೆವು. ಅವನು ತೆಗೆದುಕೊಳ್ಳಲಿಲ್ಲ.

ಮದುವೆಯ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರು ಎಂಬ ಗಾದೆಯಿದೆ. ನಾವು ಮಾಡಿದ್ದು ಅದೇ. ತಾಣವನ್ನು ಮಾಡಿಸುವಾಗ ಮೂರು ಸಭೆ ಕೂಡಿದ್ದೆವು. ದೇವಿಯ ಚಿತ್ರ ಯಾವುದಿರಬೇಕು, ಯಾರ ಭಾವಚಿತ್ರ ಮೊದಲು ಬರಬೇಕು, ಯಾವ ವಾದ್ಯ ನುಡಿಯಬೇಕು ಎಂದು ಚರ್ಚಿಸಿದೆವು. ಈ ತಾಣಕ್ಕೆ ಬರುವವರು ಯಾರು, ಯಾವ ಹೊತ್ತಿನಲ್ಲಿ ಬರುತ್ತಾರೆ, ಏನನ್ನು ಕೇಳಿಕೊಂಡು ಬರುತ್ತಾರೆ ಎಂಬ ಮಾತನ್ನು ಮೂರು ಸಭೆಗಳಲ್ಲಿಯೂ ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಈ ಮಾತನ್ನು ಎತ್ತಲು ನಾವು ದೂರ ಹೋಗಬೇಕಾಗಿರಲಿಲ್ಲ. ನಾವು ಅನ್ನ ತಿನ್ನುತ್ತಿರುವ ಈ ನೆಲದಲ್ಲಿಯೇ ಅದರ ಪಾಠ ನಡೆದಿದೆ. 1914ರಲ್ಲಿ, ಆಗ ಬೆಜವಾಡವೆನಿಸಿದ್ದ ಇದೇ ವಿಜಯವಾಡದಲ್ಲಿ, ಆಂಧ್ರದೇಶದ ಗ್ರಂಥಾಲಯಗಳ ಸಂಘ ಹುಟ್ಟಿತು. ಆಂಧ್ರದ ಗ್ರಂಥಾಲಯ ಚಳವಳಿಯ ಪಿತಾಮಹರೆಂದು ಹೆಸರಾದ ಅಯ್ಯಂಕಿ ವೆಂಕಟರಮಣಯ್ಯನವರು ಅದರ ಹಿಂದಿದ್ದ ಶಕ್ತಿ. ಆ ಚಳವಳಿಯ ಕಾರ್ಯಕರ್ತರು ಪುಸ್ತಕದ ಕಪಾಟನ್ನು ಅಲಂಕರಿಸಿಟ್ಟು ಓದುಗ ಬರಲೆಂದು ಕಾದು ಕುಳಿತವರಲ್ಲ. 1935ರಲ್ಲಿ ಪಾತೂರಿ ನಾಗಭೂಷಣಂ ಅವರ ಪ್ರಯತ್ನದಿಂದ ಪೆದವಡ್ಲಪೂಡಿಯಿಂದ ಕೊಲ್ಲೂರಿನವರೆಗೆ ಕಾಲುವೆಯ ದೋಣಿಯಲ್ಲಿ ಪುಸ್ತಕಗಳು ಸಂಚರಿಸಿದವು. ಇದು ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಕೃಷ್ಣೆಯ ಕಾಲುವೆಯ ಬದಿಯ ಕೊಲ್ಲೂರು. ಆಗ ಜನ ಊರಿಂದೂರಿಗೆ ಹೋಗುತ್ತಿದ್ದದ್ದು ಕಾಲುವೆಯ ದೋಣಿಗಳಲ್ಲಿ, ಗಂಟೆಗಟ್ಟಲೆ ಕುಳಿತು. ಆ ಕುಳಿತ ಹೊತ್ತಿಗೆ, ಕುಳಿತ ಜಾಗಕ್ಕೆ ಪುಸ್ತಕವನ್ನು ಒಯ್ದು ಮುಟ್ಟಿಸಿದರು. ಓದುಗನ ದಾರಿ ಯಾವುದೋ ಅದೇ ಪುಸ್ತಕದ ದಾರಿ. ಇಂದು ನಮ್ಮವರ ಕಾಲುವೆ ಕೈಯಲ್ಲಿರುವ ಫೋನು. ಅದರೊಳಗೆ ನಾವು ಕಳಿಸುವ ದೋಣಿ ಹಗುರವಾಗಿ ಸಾಗಬೇಕು.

ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ಹೆಸರನ್ನು ತಾವು ಕೇಳಿರಬಹುದು. ಮದರಾಸಿನಲ್ಲಿದ್ದಾಗ, 1931ರಲ್ಲಿ, ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹಾಕಿಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರವನ್ನು ಕಟ್ಟಿದರು. ಆದ್ದರಿಂದ ಅವರು ನಮಗೂ ಹತ್ತಿರದವರು. ಅವರ ನಾಲ್ಕನೆಯ ಸೂತ್ರ ಓದುಗನ ವೇಳೆಯನ್ನು ಉಳಿಸುವುದಕ್ಕೆ ಸಂಬಂಧಿಸಿದ್ದು. ಸಂಬಳದ ರಜೆಯಿಲ್ಲದ ಕೂಲಿಗಾರನಿಗೆ, ಪಾಳಿಯ ನಡುವೆ ಅರ್ಧ ಗಂಟೆ ಬಿಡುವು ಸಿಗುವ ಗುಮಾಸ್ತನಿಗೆ ಈ ಸೂತ್ರದ ಬೆಲೆ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತದೆ. ನಮ್ಮ ವಾಚನಾಲಯದಲ್ಲಿ ದಿನಪತ್ರಿಕೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟು, ಹಳೆಯ ಸಂಚಿಕೆಗಳನ್ನು ಒಳಗಿನ ಬೀರುವಿನಲ್ಲಿ ಇಡುವುದು ಏಕೆ? ಬಹಳ ಜನ ಕೇಳುವುದು ಕೈಗೆ ಮೊದಲು ಸಿಗಲೆಂದು. ಈ ತಿಳಿವಳಿಕೆ ನಮ್ಮ ಮೇಜಿನ ಮೇಲಿತ್ತು, ತಾಣದಲ್ಲಿ ಇರಲಿಲ್ಲ.

ಜಾಲದ ಹುಟ್ಟಿನ ಕಥೆಯೂ ಇದೇ ಮಾತನ್ನು ಹೇಳುತ್ತದೆ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾದ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಪ್ರಪಂಚದ ಮೊಟ್ಟಮೊದಲ ಜಾಲತಾಣವನ್ನು ಹೊರತಂದರು. ಅದರಲ್ಲಿದ್ದದ್ದು ಬರಿಯ ಅಕ್ಷರಗಳು, ಒಂದು ಪುಟದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೊಂಡಿಗಳು, ಅಷ್ಟೇ. ಒಬ್ಬ ವಿಜ್ಞಾನಿ ಬರೆದಿಟ್ಟದ್ದು ಇನ್ನೊಬ್ಬನಿಗೆ ಸುಲಭವಾಗಿ ಸಿಗಲಿ ಎಂಬುದೇ ಅದರ ಉದ್ದೇಶ. 1993ರ ಏಪ್ರಿಲಿನಲ್ಲಿ ಆ ಸಂಸ್ಥೆ ಈ ವಿದ್ಯೆಯನ್ನು ಕಾಣಿಕೆ ಕೇಳದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಉಚಿತ ವಾಚನಾಲಯದವರಾದ ನಾವು ಈ ಔದಾರ್ಯವನ್ನು ನೆನೆಯಬೇಕು.

ಕನ್ನಡವೂ ಜಾಲಕ್ಕೆ ಬೇಗನೆ ಬಂದಿತು. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಎಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು 1996ರಲ್ಲಿ. ಆ ಕಾಲದಲ್ಲಿ ಒಂದೊಂದು ತಾಣಕ್ಕೂ ಒಂದೊಂದು ಅಕ್ಷರಶೈಲಿ. ಅದು ಓದುಗನ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತ ರೂಢಿಗೆ ಬಂದಮೇಲೆ ಆ ಕಷ್ಟ ಕಳೆಯಿತು. ಇಂದು ಸಾಧಾರಣ ಫೋನೂ ಕನ್ನಡವನ್ನು ತೋರಿಸಬಲ್ಲದು. ಇಷ್ಟು ಜನರ ಇಷ್ಟು ವರ್ಷಗಳ ದುಡಿಮೆಯಿಂದ ದೊರೆತ ಅಕ್ಷರವನ್ನು ನಾವೇನು ಮಾಡಿದೆವು? ಪ್ರಕಟಣೆಯನ್ನು ಕಾಗದದ ಮೇಲೆ ಬರೆದು, ಅದರ ಚಿತ್ರ ತೆಗೆದು ತಾಣಕ್ಕೆ ಅಂಟಿಸಿದೆವು.

ಹಾಗಾದರೆ ಹೊಸ ತಾಣ ಹೇಗಿರಬೇಕು? ನಾವು ತಪ್ಪು ಮಾಡಿ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಕೇಳುವವರ ಪಟ್ಟಿ. ನಾವು ಒಂದು ತಿಂಗಳು ವಾಚನಾಲಯದ ಮೇಜಿನ ಮೇಲೆ ಒಂದು ನೋಟುಬುಕ್ಕು ಇಟ್ಟು, ಫೋನಿನಲ್ಲಾಗಲಿ ನೇರವಾಗಿ ಆಗಲಿ ಹೊಸಬರು ಕೇಳಿದ ಪ್ರಶ್ನೆಗಳನ್ನು ಬರೆದೆವು. ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ತೆರೆಯುತ್ತೀರಿ, ಇಂದು ಇಳಿದುಕೊಳ್ಳಲು ಜಾಗವುಂಟೆ, ಮಕ್ಕಳಿಗೆ ಕನ್ನಡ ಪಾಠ ಯಾವ ದಿನ, ಈ ಪುಸ್ತಕವಿದೆಯೆ, ಊರಿಗೆ ಹೋಗುವ ರೈಲು ಯಾವುದು, ಅರ್ಜಿ ತುಂಬಿಕೊಡುತ್ತೀರಾ. ಹೆಚ್ಚು ಕಡಿಮೆ ಇವಿಷ್ಟೇ. ಅಧ್ಯಕ್ಷರ ಸಂದೇಶವನ್ನು ಕೇಳಿಕೊಂಡು ಬಂದವರು ಒಬ್ಬರೂ ಇರಲಿಲ್ಲ. ಅಧ್ಯಕ್ಷರು ಈ ಮಾತಿಗೆ ನಗುತ್ತಿದ್ದಾರೆ. ಅವರ ದೊಡ್ಡ ಮನಸ್ಸಿಗೆ ನಾವು ಋಣಿಗಳು. ಈ ಪ್ರಶ್ನೆಗಳೇ ತಾಣದ ನಕ್ಷೆ. ಮೊದಲ ಪುಟದ ನೆತ್ತಿಯ ಮೇಲೆ ಎರಡು ಊರುಗಳ ವಿಳಾಸ, ವೇಳೆ, ಫೋನು, ರಾತ್ರಿ ಬಂದವರು ಕರೆಯಬೇಕಾದ ನಂಬರು ಇರಬೇಕು. ನಂಬರನ್ನು ಒತ್ತಿದರೆ ಕರೆ ಹೋಗಬೇಕು. ಬೇರೆಲ್ಲವೂ ಅದರ ಕೆಳಗೆ.

ವಿಳಾಸದ ವಿಷಯದಲ್ಲಿ ಇನ್ನೊಂದು ಮಾತು. ಅದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಇರಲಿ. ಓದುವವನು ಕನ್ನಡಿಗನಾದರೂ ದಾರಿ ತೋರಿಸುವವನು ಆಟೋದವನು. ತೆಲುಗಿನ ಸಾಲನ್ನು ಅವನ ಮುಂದೆ ಹಿಡಿದರೆ ಸಾಕು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಹಲವರು ತೆಲುಗನ್ನು ಮಾತ್ರ ಓದಬಲ್ಲರು. ಅವರಿಗೂ ನಮ್ಮ ಬಾಗಿಲು ಕಾಣಬೇಕಲ್ಲವೆ? ಒಂದೇ ಬಳ್ಳಿಯ ಎರಡು ಲಿಪಿಗಳು. ಪಕ್ಕಪಕ್ಕದಲ್ಲಿ ಇಟ್ಟರೆ ಕನ್ನಡ ಕಲಿಯುವ ಆಸೆಯೂ ಹುಟ್ಟೀತು.

ಎರಡನೆಯದು, ಭಾರ. ಗುಮಾಸ್ತರಾದ್ದರಿಂದ ಲೆಕ್ಕ ಹಾಕಿ ನೋಡಿದೆವು. ಈ ಭಾಷಣದಲ್ಲಿ ಸುಮಾರು 2,500 ಪದಗಳಿವೆಯೆನ್ನೋಣ. ಒಂದು ಪದಕ್ಕೆ ನಡುವಿನ ತೆರಪೂ ಸೇರಿ ಎಂಟು ಚಿಹ್ನೆಗಳೆಂದು ಹಿಡಿದರೆ 20,000 ಚಿಹ್ನೆಗಳು. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದು ಚಿಹ್ನೆಗೆ ಮೂರು ಬೈಟು. ಒಟ್ಟು 60,000 ಬೈಟು. ಫೋನಿನಲ್ಲಿ ತೆಗೆದ ಒಂದು ಫೋಟೋವನ್ನು ಹಾಗೆಯೇ ತಾಣಕ್ಕೆ ಏರಿಸಿದರೆ ಅದು ಸುಲಭವಾಗಿ 40 ಲಕ್ಷ ಬೈಟು ಆಗುತ್ತದೆ. ಒಂದು ಫೋಟೋದ ಭಾರದಲ್ಲಿ ಇಂಥ ಅರವತ್ತಾರು ಭಾಷಣಗಳು! ಕೇಳಬೇಕಾದ ಸಂಕಟ ಬೇರೆ ಮಾತು, ಆದರೆ ಭಾರದ ಲೆಕ್ಕ ಇದು. ನಮ್ಮ ಮೊದಲ ಪುಟದಲ್ಲಿ ಅಂಥ ಒಂಬತ್ತು ಫೋಟೋಗಳಿದ್ದವು. ಚಿತ್ರ ಬೇಕಾದಲ್ಲಿ ಅದರ ಅಳತೆಯನ್ನು ಕುಗ್ಗಿಸಿ ಒಂದೆರಡು ಲಕ್ಷ ಬೈಟಿಗೆ ಇಳಿಸಬಹುದು, ಫೋನಿನ ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಸಂಗೀತ ತಾನಾಗಿ ನುಡಿಯುವುದಂತೂ ಬೇಡ. ರಾತ್ರಿ ಪಾಳಿ ಮುಗಿಸಿ ಮಲಗಿದವರ ಪಕ್ಕದಲ್ಲಿ ಕುಳಿತು ತಾಣವನ್ನು ತೆರೆಯುವವರ ಕಷ್ಟವನ್ನು ಒಂದೇ ಕೋಣೆಯಲ್ಲಿ ಆರು ಜನ ಇರುವವರು ಬಲ್ಲರು.

ಮೂರನೆಯದು, ಅಕ್ಷರ ಅಕ್ಷರವಾಗಿಯೇ ಇರಬೇಕು. ಚಿತ್ರದೊಳಗಿನ ಅಕ್ಷರವನ್ನು ಹುಡುಕಿ ತೆಗೆಯುವುದು ಕಷ್ಟ, ಹಿಗ್ಗಿಸಿದರೆ ಮಸುಕಾಗುತ್ತದೆ, ಅದರೊಳಗಿನ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಕಣ್ಣಿಲ್ಲದವರು ಫೋನಿನಲ್ಲಿರುವುದನ್ನು ಧ್ವನಿಯ ಮೂಲಕ ಓದಿಸಿಕೊಳ್ಳುವ ಸೌಕರ್ಯ ಇಂದು ಉಂಟು. ಆ ಯಂತ್ರಕ್ಕೆ ಅಕ್ಷರ ಬೇಕು. ಮಿಲ್ಲಿನ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಹಿರಿಯರೊಬ್ಬರು ನಮ್ಮ ಸದಸ್ಯರಾಗಿದ್ದಾರೆ. ನಮ್ಮ ಪ್ರಕಟಣೆಗಳ ಜಾಗದಲ್ಲಿ ಅವರ ಫೋನು ಪ್ರತಿ ಸಲವೂ ಚಿತ್ರ, ಚಿತ್ರ ಎಂದಷ್ಟೇ ಹೇಳುತ್ತಿತ್ತಂತೆ. ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಆಗಿದೆ. ಸರ್ಕಾರದ ತಾಣಗಳು ಹೇಗಿರಬೇಕೆಂದು ದೆಹಲಿಯಿಂದ 2009ರಲ್ಲಿಯೇ ಮಾರ್ಗಸೂಚಿ ಹೊರಟಿದೆ. ಕಾಯಿದೆಯ ಮಾತು ಹಾಗಿರಲಿ, ನಮ್ಮವರೇ ಒಬ್ಬರು ಬಾಗಿಲಲ್ಲಿ ನಿಂತಿರುವಾಗ ಒಳಗೆ ಕರೆಯುವುದು ಸಾಮಾನ್ಯ ಮರ್ಯಾದೆ.

ನಾಲ್ಕನೆಯದು ಬಣ್ಣ. ಇಲ್ಲಿ ತಾವು ನಮ್ಮನ್ನು ಕ್ಷಮಿಸಬೇಕು. ನಾಡಿನ ಮೇಲಿನ ಅಭಿಮಾನದಿಂದ ನಾವು ಇಡೀ ತಾಣವನ್ನು ಕೆಂಪು ನೆಲದ ಮೇಲೆ ಹಳದಿ ಅಕ್ಷರಗಳಲ್ಲಿ ಮಾಡಿಸಿದ್ದೆವು. ಬಾವುಟದಲ್ಲಿ ಆ ಅರಿಶಿನ ಕುಂಕುಮ ಎಷ್ಟು ಚೆಂದ! ಆದರೆ ಬಾವುಟದ ಮೇಲೆ ಯಾರೂ ರೈಲಿನ ವೇಳೆ ಓದುವುದಿಲ್ಲ. ಅಕ್ಷರಕ್ಕೂ ಅದರ ನೆಲಕ್ಕೂ ಬೆಳಕಿನ ಅಂತರ ಎಷ್ಟಿರಬೇಕೆಂದು ಅಳೆಯುವ ಕ್ರಮವೊಂದುಂಟು. ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರಲ್ಲಿ ಹೊರಡಿಸಿದ ಸೂಚನೆಯಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದು ಒಂದಕ್ಕೆ ನಾಲ್ಕೂವರೆ ಇರಬೇಕು. ಬಿಳಿಯ ಮೇಲೆ ಕಪ್ಪು ಇದ್ದರೆ 21. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಇದ್ದರೆ ಸುಮಾರು 3.7 ಮಾತ್ರ. ಅಂದರೆ ನಮ್ಮ ಅಭಿಮಾನ ಪರೀಕ್ಷೆಯಲ್ಲಿ ಫೇಲಾಯಿತು. ವಿಶಾಖಪಟ್ಟಣದ ಕಡಲ ಬಿಸಿಲಿನಲ್ಲಿ ನಿಂತು ಫೋನು ನೋಡುವವರಿಗೆ, ನಲವತ್ತು ದಾಟಿ ಕನ್ನಡಕ ಮರೆತು ಬಂದವರಿಗೆ ಆ ಅಕ್ಷರ ಕಾಣುತ್ತಿರಲಿಲ್ಲ. ದಪ್ಪ ಅಕ್ಷರದ ಶೀರ್ಷಿಕೆಗೆ 3 ಇದ್ದರೂ ಸಾಕೆಂದು ಅದೇ ಸೂಚನೆ ಹೇಳುತ್ತದೆ. ಆದ್ದರಿಂದ ಸಂಘದ ಹೆಸರಿನ ಹಲಗೆ ಅರಿಶಿನ ಕುಂಕುಮದಲ್ಲಿಯೇ ಇರಲಿ. ಅದರ ಕೆಳಗಿನದೆಲ್ಲ ಬಿಳಿಯ ಮೇಲೆ ಕಪ್ಪಾಗಿರಲಿ.

ಐದನೆಯದು ಹೆಸರುಗಳು. ಕನ್ನಡ ಸಂಘದವರಿಗೆ ಸೊಗಸಾದ ಹೆಸರಿಡುವ ಚಪಲ ಸಹಜ. ಪುಸ್ತಕಗಳ ಪಟ್ಟಿಗೆ ‘ಜ್ಞಾನವಾಹಿನಿ’, ಮಕ್ಕಳ ಪಾಠಕ್ಕೆ ‘ಅಕ್ಷರ ತೋರಣ’, ವಿಳಾಸಕ್ಕೆ ‘ನಮ್ಮ ಹೆಜ್ಜೆಗುರುತು’ ಎಂದು ಇಟ್ಟದ್ದು ನಾವೇ. ಇಟ್ಟ ದಿನ ಬೆನ್ನು ತಟ್ಟಿಸಿಕೊಂಡೆವು. ಬಂದವರಿಗೆ ಅವು ಒಗಟುಗಳಾದವು. ಪುಸ್ತಕಗಳ ಪಟ್ಟಿಯನ್ನು ಪುಸ್ತಕಗಳ ಪಟ್ಟಿ ಎಂದೇ ಕರೆದರೆ ಕನ್ನಡಕ್ಕೆ ಕುಂದಿಲ್ಲ. ಕವಿತ್ವಕ್ಕೆ ಸಂಘದ ವಾರ್ಷಿಕ ಸಂಚಿಕೆಯಿದೆ.

ಆರನೆಯದು ತಾರೀಖು. ‘ಇದೇ ಭಾನುವಾರ ಸಂಜೆ ಸಭೆ’ ಎಂಬ ಪ್ರಕಟಣೆ ನಮ್ಮ ತಾಣದಲ್ಲಿ ಮೂರು ವರ್ಷ ಇತ್ತು. ಅದನ್ನು ನಂಬಿ ಗಾಜುವಾಕದಿಂದ ಎರಡು ಬಸ್ಸು ಬದಲಿಸಿ ಒಂದು ಸಂಸಾರ ಮಕ್ಕಳೊಂದಿಗೆ ಬಂದು, ಬೀಗ ನೋಡಿ ಹಿಂದಿರುಗಿತು. ಪ್ರತಿ ಪ್ರಕಟಣೆಗೂ ದಿನ, ತಿಂಗಳು, ವರ್ಷ ಇರಬೇಕು. ದಿನ ಕಳೆದ ಮರುದಿನವೇ ಅದು ಮೊದಲ ಪುಟದಿಂದ ಇಳಿಯಬೇಕು. ರೈಲುಗಳ ವೇಳೆಯನ್ನು ನಾವು ಬರೆದಿಡುವುದೇ ಬೇಡ. ಹುಬ್ಬಳ್ಳಿಗೆ ಅಮರಾವತಿ ಎಕ್ಸ್‌ಪ್ರೆಸ್, ಬೆಂಗಳೂರಿಗೆ ಪ್ರಶಾಂತಿ ಎಕ್ಸ್‌ಪ್ರೆಸ್ ಎಂದು ಹೆಸರು ತಿಳಿಸಿ, ವೇಳೆಗೆ ರೈಲ್ವೆಯವರ 139 ನಂಬರನ್ನು ತೋರಿಸಿದರೆ ಸಾಕು. ನಾವು ಕಾಪಾಡಲಾರದ ಸಂಗತಿಯನ್ನು ಬರೆದು ಇನ್ನೊಬ್ಬರ ರೈಲು ತಪ್ಪಿಸುವುದು ಯಾವ ಸೇವೆ?

ಏಳನೆಯದು ಅರ್ಜಿ. ಸದಸ್ಯತ್ವದ ಅರ್ಜಿಯಲ್ಲಿ ನಾವು ತಂದೆಯ ಹೆಸರು, ಹುಟ್ಟಿದ ದಿನ, ಸಂಬಳ, ಖಾಯಂ ವಿಳಾಸ, ಇ-ಮೇಲು ಎಲ್ಲವನ್ನೂ ಕೇಳುತ್ತಿದ್ದೆವು. ಏಕೆ ಕೇಳುತ್ತೀರೆಂದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೇರೆಯವರು ಕೇಳುತ್ತಾರೆ, ನಾವೂ ಕೇಳಿದೆವು. ಸಂಬಳದ ಕಲಮು ಕಂಡು ನಾಚಿ ಅರ್ಜಿಯನ್ನು ಅರ್ಧಕ್ಕೆ ಬಿಟ್ಟವರಿದ್ದಾರೆ. ಇನ್ನೊಬ್ಬರ ವಿವರವನ್ನು ಕೆಲಸಕ್ಕೆ ಬೇಕಾದಷ್ಟೇ ಕೇಳಬೇಕೆಂಬ ಧೋರಣೆ 2023ರ ಕೇಂದ್ರ ಕಾಯಿದೆಯಲ್ಲಿಯೂ ಬಂದಿದೆ. ಪುಸ್ತಕ ಕೊಡಲು ಹೆಸರು ಮತ್ತು ಫೋನು ನಂಬರು ಸಾಕು.

ಎಂಟನೆಯದು ಬೀಗದ ಕೈ. ತಾಣದ ಹೆಸರನ್ನು ವರ್ಷ ವರ್ಷ ಹಣ ಕಟ್ಟಿ ಉಳಿಸಿಕೊಳ್ಳಬೇಕು. ಆ ಹೆಸರು ಸಂಘದ್ದಾಗಿರಬೇಕು, ವ್ಯಕ್ತಿಯದ್ದಲ್ಲ. ನಮ್ಮಲ್ಲಿ ಅದನ್ನು ನೋಂದಾಯಿಸಿದ್ದವರು ವರ್ಗವಾಗಿ ಊರಿಗೆ ಹೋದರು. ಗುಪ್ತಪದವೂ ಅವರೊಡನೆ ಹೋಯಿತು. ತಾಣದಲ್ಲಿದ್ದ ಫೋನು ನಂಬರೂ ಅವರದೇ. ಹೀಗಾಗಿ ವಿಜಯವಾಡದಲ್ಲಿ ಹಾಸಿಗೆ ಕೇಳಿದವರ ಕರೆಗಳು ಮಂಡ್ಯಕ್ಕೆ ಹೋಗುತ್ತಿದ್ದವು. ಪಾಪ, ಅವರು ಪ್ರತಿಯೊಬ್ಬರಿಗೂ ಬೇಸರಿಸದೆ ದಾರಿ ಹೇಳಿದರು. ಮುಂದೆ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಖಜಾಂಚಿಯವರ ಬಳಿ ಇಡೋಣ.

ಇಷ್ಟು ಕೇಳಿದ ಮೇಲೆ ಕೆಲವು ಹಿರಿಯರ ಮನಸ್ಸಿನಲ್ಲಿ ಒಂದು ಆಕ್ಷೇಪಣೆ ಉಳಿಯುತ್ತದೆಂದು ಬಲ್ಲೆವು. “ಬೇರೆ ಊರಿನ ಸಂಘಗಳ ತಾಣ ಅಷ್ಟು ವೈಭವವಾಗಿರುವಾಗ ನಮ್ಮದು ಬಡವರ ಮನೆಯ ಹಾಗೆ ಕಾಣಬೇಕೆ?” ಎಂದು ಒಬ್ಬರು ಕೇಳಿದರು. ಅವರ ಮಾತಿನಲ್ಲಿ ಸಂಘದ ಮೇಲಿನ ಪ್ರೀತಿಯೇ ಇದೆ. ಹೊರನಾಡಿನಲ್ಲಿ ನಮ್ಮ ಗೌರವ ಎದ್ದು ಕಾಣಲೆಂಬ ಆಸೆ ಯಾರಿಗಿಲ್ಲ? ಆದರೆ ಸರಳವೆಂದರೆ ಬಡತನವೆಂದು ತಿಳಿಯಬೇಕಾಗಿಲ್ಲ. ಬ್ರಿಟನ್ ದೇಶ 2012ರಲ್ಲಿ ತನ್ನ ಸರ್ಕಾರದ ಸೇವೆಗಳಿಗೆ ಒಂದೇ ತಾಣವನ್ನು ಮಾಡಿತು. ಅದರಲ್ಲಿ ಅಲಂಕಾರವಿಲ್ಲ. ದೊಡ್ಡ ಅಕ್ಷರ, ಬಿಳಿಯ ನೆಲ, ನೇರವಾದ ಮಾತು. ಮರುವರ್ಷ ಲಂಡನ್ನಿನ ವಿನ್ಯಾಸ ಸಂಗ್ರಹಾಲಯದವರು ಆ ವರ್ಷದ ಶ್ರೇಷ್ಠ ವಿನ್ಯಾಸವೆಂದು ಪ್ರಶಸ್ತಿ ಕೊಟ್ಟದ್ದು ಈ ಅಲಂಕಾರವಿಲ್ಲದ ತಾಣಕ್ಕೆ.

ಅಷ್ಟು ದೂರವೇಕೆ, ನಮ್ಮ ಉಡುಪಿ ಹೋಟೆಲನ್ನೇ ನೋಡೋಣ. ಒಳಗೆ ಕಾಲಿಟ್ಟೊಡನೆ ಎದುರು ಗೋಡೆಯ ಹಲಗೆಯಲ್ಲಿ ಇಂದಿನ ತಿಂಡಿ, ಅದರ ಬೆಲೆ. ಗಲ್ಲಾದ ಮೇಲೆ ದೇವರ ಪಟ, ಅದಕ್ಕೊಂದು ಹೂವಿನ ಮಾಲೆ. ಪಟವನ್ನು ತಂದು ಹಲಗೆಯ ಮುಂದೆ ಯಾರೂ ನಿಲ್ಲಿಸುವುದಿಲ್ಲ. ಹಸಿದವನಿಗೆ ಹಲಗೆ ಕಾಣುತ್ತದೆ, ಭಕ್ತಿಯುಳ್ಳವನಿಗೆ ಪಟವೂ ಕಾಣುತ್ತದೆ. ನಮ್ಮ ತಾಣದಲ್ಲಿಯೂ ಭುವನೇಶ್ವರಿ ಇರಲಿ, ಪುಟ್ಟದಾಗಿ, ಹೆಸರಿನ ಪಕ್ಕದಲ್ಲಿ. ರಾಜ್ಯೋತ್ಸವದ ಚಿತ್ರಗಳಿಗೆ ಬೇರೆ ಪುಟವಿರಲಿ. ನೋಡಬೇಕೆನ್ನುವವರು ಬಿಡುವಿನಲ್ಲಿ ತೆರೆದು ನೋಡಲಿ, ಊರಿನ ಅಜ್ಜಿಗೂ ತೋರಿಸಲಿ.

ಇನ್ನೊಂದನ್ನೂ ಹೇಳಬೇಕು. ಸರಳವೆಂದು ಎಲ್ಲವನ್ನೂ ಕಿತ್ತುಹಾಕುವುದೂ ತಪ್ಪು. ಒಂದೇ ಕೆಲಸದ ತಾಣಕ್ಕೆ ಒಂದೇ ಪೆಟ್ಟಿಗೆ ಸಾಕಾದೀತು. ನಮಗೆ ನಾಲ್ಕು ಕೆಲಸಗಳಿವೆ, ನಾಲ್ಕು ಬಾಗಿಲೂ ಕಾಣಬೇಕು. ಅಲ್ಲದೆ ಮುಂದೆ ಸರಳವಾಗಿ ಕಾಣುವುದರ ಹಿಂದೆ ದುಡಿಮೆ ಹೆಚ್ಚು. ಮಿಲ್ಲಿನಲ್ಲಿ ತಿಂಗಳ ಕೊನೆಗೆ ಸಾಹೇಬರ ಮುಂದಿಡುವ ಲೆಕ್ಕ ಒಂದೇ ಹಾಳೆ. ಅದರ ಹಿಂದೆ ಹನ್ನೊಂದು ರಿಜಿಸ್ಟರು ತಿರುವಿ ಹಾಕಿದ ಗುಮಾಸ್ತನಿರುತ್ತಾನೆ. ಪುಸ್ತಕಗಳ ಪಟ್ಟಿಯನ್ನು ಬೆರಳಚ್ಚು ಮಾಡಬೇಕು, ಹಳೆಯ ಪ್ರಕಟಣೆ ತೆಗೆಯಬೇಕು, ವಿಳಾಸ ಬದಲಾದರೆ ಅಂದೇ ತಿದ್ದಬೇಕು. ಇದಕ್ಕೆ ಹಣಕ್ಕಿಂತ ಕೈಗಳು ಬೇಕು. ವಾರಕ್ಕೆ ಒಂದು ಗಂಟೆ ಕೊಡಬಲ್ಲವರು ಎರಡೂ ಊರಿನಿಂದ ಇಬ್ಬಿಬ್ಬರು ಮುಂದೆ ಬಂದರೆ ಸಾಕು. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ರೈಲಿನಲ್ಲಿ 350 ಕಿಲೋಮೀಟರು. ಈ ಕೆಲಸಕ್ಕೆ ಮಾತ್ರ ಆ ದೂರ ಅಡ್ಡಿಯಲ್ಲ.

ತೀರ್ಮಾನಕ್ಕೆ ಮುಂಚೆ ಒಂದು ಪರೀಕ್ಷೆ ಮಾಡೋಣವೆಂದು ನಮ್ಮ ಬಿನ್ನಹ. ಜಾಕೋಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದಂತೆ, ತಾಣವೊಂದರ ಬಹುಪಾಲು ದೋಷಗಳನ್ನು ತಿಳಿಯಲು ಐದು ಜನರಿಂದ ಬಳಸಿ ನೋಡಿದರೆ ಸಾಕು. ನಮ್ಮಲ್ಲಿ ಹೊಸಬರಿಗೆ ಬರವಿಲ್ಲ. ಈ ತಿಂಗಳು ಬಂದಿಳಿದ ಐವರನ್ನು ಕರೆಯೋಣ. ಎರಡೂ ನಕ್ಷೆಗಳನ್ನು ಅವರದೇ ಫೋನಿನಲ್ಲಿ ತೆರೆದುಕೊಟ್ಟು, “ರಾತ್ರಿ ಹನ್ನೊಂದಾಗಿದೆ, ತಂಗಲು ಜಾಗ ಬೇಕು, ಹುಡುಕಿ” ಎನ್ನೋಣ. ಆಮೇಲೆ ನಾವು ಬಾಯಿ ಮುಚ್ಚಿ ಕುಳಿತಿರಬೇಕು. ಅಲ್ಲಿ ಒತ್ತು, ಇಲ್ಲಿ ಒತ್ತು ಎಂದು ಹೇಳಕೂಡದು. ಸಂಘದವರಾದ ನಮಗೆ ಇದು ಬಹು ಕಷ್ಟದ ವ್ರತ. ಗಡಿಯಾರ ನೋಡಿ ವೇಳೆ ಬರೆದುಕೊಳ್ಳೋಣ. ಬೇಗ ಸಿಕ್ಕಿದ್ದು ಯಾವುದೋ ಅದು ನಮ್ಮ ತಾಣ. ಮೊದಲನೆಯ ನಕ್ಷೆಯೇ ಗೆದ್ದರೆ ನಾವೇ ಎದ್ದು ಅದಕ್ಕೆ ಕೈ ಎತ್ತುತ್ತೇವೆ.

ಆ ರಾಯಚೂರಿನ ಹುಡುಗ ಈಗ ನಮ್ಮ ವಿಜಯವಾಡ ವಾಚನಾಲಯದ ಸದಸ್ಯ. ಹೊಸ ಅಂಕಪಟ್ಟಿಯೂ ಬಂದಿದೆ, ಶೆಡ್ಡಿನಲ್ಲಿ ಕೆಲಸವೂ ನಿಂತಿದೆ. ಪರೀಕ್ಷೆಯ ದಿನ ಗಡಿಯಾರ ಹಿಡಿದು ಕೂರುವವನು ಅವನೇ ಆಗಲೆಂದು ಕೇಳಿದ್ದೇವೆ. “ಆಗ್ಲಿ ಸರ. ಆದ್ರ ಅವತ್ತು ನನ್ನ ಫೋನ್ ಫುಲ್ ಚಾರ್ಜ್ ಮಾಡ್ಕೊಂಡ್ ಬರ್ತೀನ್ರಿ” ಎಂದು ನಕ್ಕಿದ್ದಾನೆ. ಆ ನಗುವಿನಲ್ಲಿ ನಮಗೊಂದು ಪಾಠವುಂಟು. ಚಾರ್ಜು ಕಡಿಮೆಯಿದ್ದವನಿಗೂ ಬಾಗಿಲು ಕಾಣುವ ಹಾಗೆ ನಾವು ಮಾಡಬೇಕು.

ಸರ್ವಸದಸ್ಯರ ಸಭೆಗೆ ತಪ್ಪದೆ ಬನ್ನಿ.